ಹಂಡೆಯ ನೀರು, ಒಲೆಯ ಸೌದೆ

ನರಕ ಚತುರ್ದಶಿಯ ಹಿಂದಿನ ಸಂಜೆ ಕನ್ನಡ ನಾಡಿನ ಅನೇಕ ಮನೆಗಳಲ್ಲಿ ನೀರು ತುಂಬುವ ಹಬ್ಬವು ನಡೆಯುತ್ತದೆ. ಬಚ್ಚಲುಮನೆಯನ್ನು ತೊಳೆದು, ಹಂಡೆಯನ್ನು ಹುಣಸೆಹಣ್ಣಿನಿಂದ ತಿಕ್ಕಿ ಬೆಳಗಿ, ಸುಣ್ಣ ಕೆಮ್ಮಣ್ಣುಗಳ ಪಟ್ಟೆ ಬಳಿದು, ಅದರ ಕೊರಳಿಗೆ ಬಳ್ಳಿಯನ್ನು ಸುತ್ತಿ, ಹೊಸ ನೀರನ್ನು ತುಂಬಿ ಪೂಜಿಸುವರು. ನೀರೂ ಬೆಂಕಿಯೂ ಒಂದುಗೂಡುವ ಆ ಸ್ಥಳಕ್ಕೆ ಹಿರಿಯರು ಸಲ್ಲಿಸಿದ ಮರ್ಯಾದೆಯು ಅರ್ಥವಿಲ್ಲದುದಲ್ಲ. ಆದರೆ ಒಂದು ಸಂಜೆ ಪೂಜೆಗೊಂಡ ಆ ಹಂಡೆಯೇ ವರ್ಷದ ಉಳಿದ ದಿನಗಳಲ್ಲಿ ಮನೆಯ ನೀರನ್ನೂ ಸೌದೆಯನ್ನೂ ಲೆಕ್ಕವಿಲ್ಲದೆ ನುಂಗುತ್ತಿರುವುದನ್ನು ಗಮನಿಸುವವರು ವಿರಳ.

ಬೀಜಕ್ಕೆ ಎಷ್ಟು, ಗೊಬ್ಬರಕ್ಕೆ ಎಷ್ಟು, ಕೂಲಿಗೆ ಎಷ್ಟು ಎಂದು ರೈತನು ಹೊಲದ ವೆಚ್ಚವನ್ನು ಎಣಿಸಬಲ್ಲನು. ಬಚ್ಚಲಿನ ವೆಚ್ಚವು ಮಾತ್ರ ಯಾವ ಲೆಕ್ಕಕ್ಕೂ ಏರುವುದಿಲ್ಲ. ಸೌದೆಯು ಬದುವಿನಿಂದಲೋ ತೋಟದಿಂದಲೋ ಬರುತ್ತದೆ. ನೀರು ಬಾವಿಯಿಂದಲೋ ನಲ್ಲಿಯಿಂದಲೋ ಬರುತ್ತದೆ. ಎರಡನ್ನೂ ಹೊತ್ತು ತರುವವರು ಬಹುಮಟ್ಟಿಗೆ ಮನೆಯ ಹೆಂಗಸರು. ಅವರ ದುಡಿಮೆಗೆ ಕೂಲಿಯಿಲ್ಲವಾದ ಕಾರಣ ಅವರು ತಂದ ವಸ್ತುವಿಗೆ ಬೆಲೆಯೂ ಇಲ್ಲವೆಂಬ ಭ್ರಾಂತಿಯು ಬೇರೂರಿದೆ. ನೀರಿನ ಮಿತವ್ಯಯವು ಒಂದು ವಿಷಯ, ಸೌದೆಯ ಮಿತವ್ಯಯವು ಇನ್ನೊಂದು ವಿಷಯ ಎಂಬ ತಪ್ಪು ತಿಳಿವಳಿಕೆಯೂ ಇದಕ್ಕೆ ಸೇರಿಕೊಂಡಿದೆ. ವಾಸ್ತವವಾಗಿ ಇವೆರಡೂ ಒಂದೇ ಲೆಕ್ಕ. ಚೆಲ್ಲಿಹೋದ ಪ್ರತಿಯೊಂದು ಚೊಂಬು ಬಿಸಿನೀರಿನೊಡನೆ ಒಂದಿಷ್ಟು ಸೌದೆಯೂ ಚೆಲ್ಲಿಹೋಗುತ್ತದೆ.

ಈ ಲೆಕ್ಕವನ್ನು ಯಾರಾದರೂ ಮಾಡಿ ನೋಡಬಹುದು. ಒಂದು ಲೀಟರ್ ನೀರಿನ ಬಿಸಿಯನ್ನು ಒಂದು ಡಿಗ್ರಿ ಏರಿಸಲು ಒಂದು ಕಿಲೊಕ್ಯಾಲೊರಿ ಶಾಖವು ಬೇಕು. 25 ಡಿಗ್ರಿಯ 20 ಲೀಟರ್ ನೀರನ್ನು ಸ್ನಾನಕ್ಕೆ ಹಿತವಾದ 45 ಡಿಗ್ರಿಗೆ ತರಬೇಕಾದರೆ 400 ಕಿಲೊಕ್ಯಾಲೊರಿ ಬೇಕಾಗುವುದು. ಕುದಿನೀರಿಗೆ ತಣ್ಣೀರು ಬೆರಸಿಕೊಂಡರೂ ಲೆಕ್ಕವು ಇದೇ. ಒಂದು ಕಿಲೋ ಒಣಸೌದೆಯಲ್ಲಿ ಸುಮಾರು 4,000 ಕಿಲೊಕ್ಯಾಲೊರಿ ಅಡಗಿರುತ್ತದೆ. ಆದರೆ ಮೂರು ಕಲ್ಲಿನ ತೆರೆದ ಒಲೆಯಲ್ಲಿ ಅದರ ಹತ್ತನೆಯ ಒಂದು ಪಾಲು ಮಾತ್ರ ಪಾತ್ರೆಗೆ ತಲಪಿ, ಉಳಿದುದು ಹೊಗೆಯೊಡನೆಯೂ ಗಾಳಿಯೊಡನೆಯೂ ಹೊರಟುಹೋಗುವುದು. ಆದ್ದರಿಂದ ಒಬ್ಬರ ಸ್ನಾನಕ್ಕೆ ಒಂದು ಕಿಲೋ ಸೌದೆ ಎಂದಾಯಿತು. ಐವರಿರುವ ಮನೆಯಲ್ಲಿ ದಿನಕ್ಕೆ 5 ಕಿಲೋ, ವರ್ಷಕ್ಕೆ 1,825 ಕಿಲೋ. ಎಂದರೆ ಸ್ನಾನಕ್ಕಾಗಿಯೇ ಹದಿನೆಂಟು ಕ್ವಿಂಟಲ್‌ಗೂ ಮೀರಿದ ಸೌದೆ.

ಅದೇ ಮನೆಯವರು ತಲೆಗೆ 20 ಲೀಟರಿಗೆ ಬದಲಾಗಿ 15 ಲೀಟರಿನಲ್ಲಿ ಸ್ನಾನ ಮುಗಿಸಿದರೆ ವರ್ಷಕ್ಕೆ 9,125 ಲೀಟರ್ ನೀರೂ ಸುಮಾರು 456 ಕಿಲೋ ಸೌದೆಯೂ ಒಂದು ಕಾಸಿನ ವೆಚ್ಚವಿಲ್ಲದೆ ಉಳಿಯುವುವು. ಹೊಲದಲ್ಲಿ ದಣಿದು ಬಂದವನಿಗೆ ಬಿಸಿನೀರಿನ ಸುಖವನ್ನೂ ತಪ್ಪಿಸಬೇಕೇ ಎಂದು ಕೆಲವರು ಆಕ್ಷೇಪಿಸಬಹುದು. ಸ್ನಾನವನ್ನು ತಪ್ಪಿಸಬೇಕೆಂದು ಯಾರೂ ಹೇಳುವುದಿಲ್ಲ. ಮೈಮೇಲೆ ಬಿದ್ದ ನೀರಿಗಿಂತಲೂ ಎಲ್ಲರ ಸ್ನಾನ ಮುಗಿದ ಮೇಲೆ ಹಂಡೆಯಲ್ಲಿ ಉಳಿದು ಆರಿಹೋದ ನೀರೇ ಹೆಚ್ಚಿನ ನಷ್ಟವೆಂಬುದನ್ನು ಅವರು ಮನಗಾಣಬೇಕು. ಮನೆಮಂದಿಯು ಒಬ್ಬರ ಹಿಂದೆ ಒಬ್ಬರಂತೆ ಸ್ನಾನ ಮಾಡುವುದು, ಬೇಕಾದಷ್ಟೇ ನೀರನ್ನು ಕಾಯಿಸುವುದು, ಹಂಡೆಗೆ ಮುಚ್ಚಳವಿಡುವುದು, ಇವು ಯಾವ ಸುಖವನ್ನೂ ಕಸಿದುಕೊಳ್ಳುವುದಿಲ್ಲ.

ಇನ್ನು ಸೌದೆಯ ವಿಷಯ. ಹಸಿಸೌದೆಯನ್ನು ಒಲೆಗೆ ಒಡ್ಡಿದರೆ ಅದರೊಳಗಿನ ನೀರನ್ನು ಆವಿಯಾಗಿಸುವುದರಲ್ಲಿಯೇ ಶಾಖದ ದೊಡ್ಡ ಪಾಲು ಕಳೆದುಹೋಗಿ, ಹೊಗೆಯಿಂದ ಊದುವವರ ಕಣ್ಣೂ ಎದೆಯೂ ಕೆಡುವುವು. ಮಳೆಗಾಲಕ್ಕೆ ಮುಂಚೆಯೇ ಸೀಳಿ ಒಣಗಿಸಿ ಒಟ್ಟಿದ ಸೌದೆಯು ಕಡಮೆಯಾದರೂ ಹೆಚ್ಚು ಕೆಲಸ ಮಾಡುವುದು. ಗಡಸು ನೀರಿನ ಸೀಮೆಯಲ್ಲಿ ಹಂಡೆಯೊಳಗೆ ಕಟ್ಟುವ ಸುಣ್ಣದ ಪದರವನ್ನೂ ಹೊರಗೆ ಹಿಡಿಯುವ ಮಸಿಯನ್ನೂ ಆಗಾಗ್ಗೆ ಕೆರೆದು ತೆಗೆಯತಕ್ಕದ್ದು. ಸಗಣಿಯನ್ನು ಬೆರಣಿ ತಟ್ಟಿ ಉರಿಸುವುದು ಹೊಲದ ಗೊಬ್ಬರವನ್ನೇ ಉರಿಸಿದಂತೆ. ಗೋಬರ್ ಗ್ಯಾಸಿಗೆ ಹಾಕಿದರೆ ಉರಿಯೂ ಗೊಬ್ಬರವೂ ಎರಡೂ ದಕ್ಕುವುವು.

ಒಲೆಯ ಸುಧಾರಣೆಯು ಇದರ ನಂತರದ ಹೆಜ್ಜೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಗ್ರಾಮೋಪಯೋಗಿ ತಂತ್ರಜ್ಞಾನಕ್ಕಾಗಿ ಆರಂಭವಾದ ಆಸ್ತ್ರ ಕೇಂದ್ರವು ರೂಪಿಸಿದ ಒಲೆಯು ಈ ನಾಡಿನಲ್ಲಿ ಪ್ರಸಿದ್ಧವಾಯಿತು. ಮುಚ್ಚಿದ ಉರಿಗೂಡು, ಕೆಳಗಿನಿಂದ ಗಾಳಿಯಾಡಲು ಜಾಲರಿ, ಉರಿಯು ಪಾತ್ರೆಯನ್ನು ನೆಕ್ಕಿ ಹೋಗುವಂತೆ ಮಾಡಿದ ದಾರಿ, ಹೊಗೆಗೊಳವೆ, ಇವೇ ಅದರ ಮುಖ್ಯಾಂಶಗಳು. ಪಾತ್ರೆಗೆ ತಲಪುವ ಶಾಖವು ಹತ್ತನೆಯ ಒಂದು ಪಾಲಿನಿಂದ ಐದನೆಯ ಒಂದು ಪಾಲಿಗೆ ಏರಿದರೂ ಸೌದೆಯು ಅರ್ಧಕ್ಕೆ ಇಳಿಯುವುದು. ಆದರೆ ಒಲೆಯನ್ನು ಕಟ್ಟಿಸಿಕೊಂಡ ಮಾತ್ರಕ್ಕೆ ಉಳಿತಾಯವಾಗದು. ಕೇಂದ್ರ ಸರ್ಕಾರವು 1983ರಲ್ಲಿ ಆರಂಭಿಸಿದ ಸುಧಾರಿತ ಒಲೆಗಳ ಕಾರ್ಯಕ್ರಮದಲ್ಲಿ ಕಟ್ಟಿದ ಒಲೆಗಳಲ್ಲಿ ಬಹಳಷ್ಟು ಕಾಲಕ್ರಮದಲ್ಲಿ ಮೂಲೆಗೆ ಬಿದ್ದುವು. ದೊಡ್ಡ ಕೊರಡು ತೂರಿಸಲು ಒಲೆಯ ಬಾಯನ್ನು ಅಗಲಿಸಿದರೆ, ಕೊಳವೆಯ ಮಸಿಯನ್ನು ತೆಗೆಯದೆ ಬಿಟ್ಟರೆ, ಸುಧಾರಿತ ಒಲೆಯೂ ಹಳೆಯ ಒಲೆಯಂತೆಯೇ ಆಗುವುದು.

ಸೌದೆಯನ್ನು ಬಿಟ್ಟು ವಿದ್ಯುತ್ತಿನಿಂದ ನೀರು ಕಾಯಿಸುವ ಮನೆಗಳಿಗೂ ಇದೇ ಲೆಕ್ಕವು ಅನ್ವಯಿಸುತ್ತದೆ. ಒಂದು ಯೂನಿಟ್ ವಿದ್ಯುತ್ತು 860 ಕಿಲೊಕ್ಯಾಲೊರಿಗೆ ಸಮ. ಐವರ ಸ್ನಾನಕ್ಕೆ ದಿನಕ್ಕೆ ಎರಡು ಯೂನಿಟ್ಟಿಗಿಂತಲೂ ಹೆಚ್ಚು ಬೇಕಾಗುವುದು. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಿಂದ ಅನೇಕ ಮನೆಗಳಿಗೆ ಬಿಲ್ಲಿನ ಭಾರವು ಇಳಿಯಿತು. ಆದರೆ ಬಿಲ್ಲು ಬಾರದಿದ್ದರೂ ವೆಚ್ಚವು ಆಗಿಯೇ ಇರುತ್ತದೆ. ಅದನ್ನು ತೆರುವವರು ಬೇರೆಯವರು, ಅಷ್ಟೆ. ಸೌರ ಹೀಟರು ಉತ್ತಮವಾದುದೇ. ಆದರೆ ಬಿಸಿನೀರು ಬರುವವರೆಗೆ ಕೊಳವೆಯಿಂದ ಸುರಿಯುವ ತಣ್ಣೀರನ್ನು ಬಕೆಟ್ಟಿನಲ್ಲಿ ಹಿಡಿದಿಡದಿದ್ದರೆ ಉರಿಯನ್ನು ಉಳಿಸಲು ಹೋಗಿ ನೀರನ್ನು ಕಳೆದುಕೊಂಡಂತಾಗುವುದು.

ಕಾಯಿಸದ ತಣ್ಣೀರಿಗೂ ಶಕ್ತಿಯ ವೆಚ್ಚವುಂಟು. 1902ರಲ್ಲಿ ಶಿವನಸಮುದ್ರದಲ್ಲಿ ಧುಮುಕುವ ಕಾವೇರಿಯು ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಕೊಟ್ಟಿತು. ಇಂದು ಅದೇ ಪ್ರದೇಶದ ಕಾವೇರಿಯ ನೀರನ್ನು ತೊರೆಕಾಡನಹಳ್ಳಿಯಿಂದ ಮೊದಲುಮಾಡಿ ಮೂರು ಹಂತಗಳಲ್ಲಿ ಸುಮಾರು 500 ಮೀಟರ್ ಮೇಲಕ್ಕೆತ್ತಿ, ಸುಮಾರು 100 ಕಿಲೋಮೀಟರ್ ದೂರದ ಬೆಂಗಳೂರಿಗೆ ವಿದ್ಯುತ್ತಿನ ಬಲದಿಂದಲೇ ತಳ್ಳಬೇಕಾಗಿದೆ. ಸಾವಿರ ಲೀಟರನ್ನು ಅಷ್ಟು ಎತ್ತರಕ್ಕೆ ಏರಿಸಲು, ಪಂಪಿನ ಮತ್ತು ಕೊಳವೆಯ ನಷ್ಟವನ್ನು ಸೇರಿಸದೆಯೇ, 1.36 ಯೂನಿಟ್ ಬೇಕು. ಸಾವಿರ ಅಡಿ ಆಳದ ಕೊಳವೆಬಾವಿಯಿಂದ ನೀರೆತ್ತುವ ಬಯಲುಸೀಮೆಯ ರೈತನ ಪಾಡೂ ಇದಕ್ಕಿಂತ ಬಹಳ ಬೇರೆಯಲ್ಲ.

ಕೊನೆಯದಾಗಿ, ಬಳಸಿದ ನೀರು. ದಿನಕ್ಕೆ 75 ಲೀಟರ್ ಬಚ್ಚಲ ನೀರು ಬೀದಿಯ ಚರಂಡಿಗೆ ಹರಿದರೆ ಸೊಳ್ಳೆಯನ್ನು ಸಾಕುವುದು. ಹಿತ್ತಿಲಿಗೆ ಹರಿದರೆ ಮರವನ್ನು ಸಾಕುವುದು. ಬೇಸಗೆಯಲ್ಲಿ ಫಲ ಬಿಡುವ ಒಂದು ತೆಂಗಿಗೆ ದಿನಕ್ಕೆ ಸುಮಾರು 40ರಿಂದ 60 ಲೀಟರ್ ನೀರು ಸಾಕಾಗುವುದರಿಂದ, ಒಂದು ಮನೆಯ ಸ್ನಾನವು ಒಂದು ತೆಂಗನ್ನೂ ಅದರ ಪಕ್ಕದ ಬಾಳೆಯ ಬುಡವನ್ನೂ ಕಾಯಬಲ್ಲದು. ನೀರನ್ನು ಜಲ್ಲಿ ಮರಳು ತುಂಬಿದ ಗುಂಡಿಯ ಮೂಲಕ ಹಾಯಿಸಿ, ಎಲ್ಲಿಯೂ ನಿಲ್ಲದಂತೆ ನೋಡಿಕೊಳ್ಳಬೇಕು. ಸೋಡಾ ಹೆಚ್ಚಾಗಿರುವ ಬಟ್ಟೆ ಒಗೆದ ನೀರನ್ನು ಒಂದೇ ಬುಡಕ್ಕೆ ಸದಾ ಬಿಟ್ಟರೆ ಮಣ್ಣು ಚೌಳುಗಟ್ಟುವುದು. ಹಸಿಯಾಗಿ ತಿನ್ನುವ ಸೊಪ್ಪು ತರಕಾರಿಗಳಿಗೆ ಬಚ್ಚಲ ನೀರು ಸಲ್ಲದು.

ಮೊದಲು ನೀರನ್ನು ಮಿತಗೊಳಿಸುವುದು, ಬಳಿಕ ಸೌದೆಯನ್ನು ಒಣಗಿಸುವುದು, ಬಳಿಕ ಒಲೆಯನ್ನು ತಿದ್ದುವುದು, ಅದರ ಮೇಲೆ ಬೇಕಾದರೆ ಯಂತ್ರವನ್ನು ಕೊಳ್ಳುವುದು, ಇದೇ ವಿವೇಕದ ಕ್ರಮ. ಕಾಸಿಲ್ಲದೆ ಆಗುವ ಕೆಲಸವನ್ನು ಬಿಟ್ಟು ಸಾಲ ಮಾಡಿ ಉಪಕರಣವನ್ನು ತರುವವನು ತೂತಿನ ಕೊಡಕ್ಕೆ ಕಲಾಯಿ ಹಾಕಿಸಿದಂತೆ. ಈ ಉಳಿತಾಯದ ಮೊದಲ ಫಲವು ಮನೆಯ ಹೆಂಗಸಿಗೆ ಸೇರುವುದೆಂಬುದನ್ನು ಮರೆಯಬಾರದು. ವರ್ಷಕ್ಕೆ ನಾಲ್ಕೂವರೆ ಕ್ವಿಂಟಲ್ ಸೌದೆ ಉಳಿದರೆ ಅಷ್ಟೂ ಹೊರೆಯು ಆಕೆಯ ತಲೆಯಿಂದ ಇಳಿದಂತೆ. ಅದಕ್ಕಾಗಿ ಮನೆಯ ಗಂಡಸು ಕೆಲವು ಚೊಂಬು ನೀರನ್ನು ಕಡಮೆ ಸುರಿದುಕೊಳ್ಳುವುದು ದೊಡ್ಡ ತ್ಯಾಗವೇನೂ ಅಲ್ಲ.