ಕೈಯಲ್ಲಿ ರಾಜನ ಜೋಡಿ

ಹಳೆಯ ಮೈಸೂರು ಸೀಮೆಯ ಎಷ್ಟೋ ಮನೆಗಳಲ್ಲಿ ಯುಗಾದಿ ಎಂದರೆ ಬೇವು-ಬೆಲ್ಲ, ಒಬ್ಬಟ್ಟು, ಊಟದ ನಂತರ ಇಸ್ಪೀಟು. ಬಿನ್ನಿಪೇಟೆಯ ಒಂದು ಮನೆಯಲ್ಲೂ ಅಂದು ಮಧ್ಯಾಹ್ನ ಚಾಪೆ ಹಾಸಿತ್ತು. ಸುತ್ತ ಕೂತವರು ಆರು ಮಂದಿ. ಪಣಕ್ಕೆ ದುಡ್ಡಿಲ್ಲ, ಹುಣಸೆ ಬೀಜ. ಅದು ಆ ಮನೆಯ ತಾತನ ಕಟ್ಟಪ್ಪಣೆ. ಆಟ ಮೂರೆಲೆ.

ದ್ವಿತೀಯ ಪಿಯುಸಿ ಪರೀಕ್ಷೆ ಮುಗಿಸಿದ್ದ ಮೊಮ್ಮಗಳಿಗೆ ಆ ಸುತ್ತಿನಲ್ಲಿ ಎರಡು ರಾಜ ಬಿದ್ದವು. ಹುಡುಗಿಯ ಮುಖ ಅರಳಿತು. ಬೀಜ ಹಾಕುತ್ತಲೇ ಹೋದಳು. ಮೂವರು ಎಲೆ ಬಿಸಾಡಿದರು, ನಾಲ್ಕನೆಯವರೂ ಬಿಟ್ಟರು. ಉಳಿದದ್ದು ಅತ್ತೆ ಮಾತ್ರ. ಬೆಳಗಿನಿಂದ ಹೆಚ್ಚು ಸುತ್ತುಗಳಲ್ಲಿ ಎಲೆ ನೋಡಿ ಸುಮ್ಮನೆ ಕೆಳಗಿಡುತ್ತಿದ್ದ ಆಕೆ ಈ ಸಲ ಎರಡು ಬಾರಿ ಪಣ ಏರಿಸಿದ್ದರು. ಮಧ್ಯದಲ್ಲಿ 80 ಬೀಜ ಸೇರಿತ್ತು. ಹುಡುಗಿ ಇನ್ನೂ 20 ಹಾಕಿ ‘ಶೋ’ ಕೇಳಿದಳು. ಅತ್ತೆ ತೆರೆದಿಟ್ಟದ್ದು ಮೂರು ಆಟಿನ್: ನಾಲ್ಕು, ಆರು, ಒಂಬತ್ತು. ಕಲರ್! ಜೋಡಿಗಿಂತ ಅದು ದೊಡ್ಡದು.

“ನನ್ನ ಕೈ ಚೆನ್ನಾಗಿತ್ತು ತಾತ.”

“ಚೆನ್ನಾಗೇ ಇತ್ತು ಮಗು. ಯಾರ ಕೈಗಿಂತ?”

ಆ ಪ್ರಶ್ನೆಯಲ್ಲೇ ಇಡೀ ಗಣಿತ ಇದೆ.

52 ಎಲೆಗಳಿಂದ ಮೂರನ್ನು 22,100 ರೀತಿಯಲ್ಲಿ ಆರಿಸಬಹುದು. ಮೂರೂ ಒಂದೇ ಅಂಕೆಯವು ಬರುವುದು 52 ರೀತಿಯಲ್ಲಿ. ಒಂದೇ ಬಣ್ಣದ ಸಾಲು 48, ಬರಿಯ ಸಾಲು 720, ಕಲರ್ 1,096, ಜೋಡಿ 3,744. ಉಳಿದ 16,440 ರೀತಿಗಳಲ್ಲಿ ಏನೂ ಕೂಡಿಬರುವುದಿಲ್ಲ. ರಾಜನ ಜೋಡಿಯನ್ನು ಸೋಲಿಸುವುದು ಜೋಡಿಗಿಂತ ಮೇಲಿನ 1,916 ಕೈಗಳು, ಜೊತೆಗೆ ಎಕ್ಕದ ಜೋಡಿಯ 288, ಒಟ್ಟು 2,204. ಅಂದರೆ ಹೆಚ್ಚುಕಡಿಮೆ ಹತ್ತರಲ್ಲಿ ಒಂದು.

ಎದುರಿಗೆ ಒಬ್ಬರೇ ಇದ್ದರೆ ರಾಜನ ಜೋಡಿ ನೂರಕ್ಕೆ 90 ಸಲ ಗೆಲ್ಲುತ್ತದೆ. ಐವರಿದ್ದರೆ? 0.9 ಅನ್ನು ಐದು ಸಲ ಗುಣಿಸಬೇಕು. ಉತ್ತರ ಸುಮಾರು 0.59. ನೂರರಲ್ಲಿ 41 ಸಲ ಆ ಐವರಲ್ಲಿ ಯಾರಾದರೊಬ್ಬರ ಬಳಿ ಇದಕ್ಕಿಂತ ದೊಡ್ಡ ಕೈ ಇರುತ್ತದೆ. (ಹುಡುಗಿಯ ಕೈಯಲ್ಲೇ ಇರುವ ಎಲೆಗಳಿಂದ ಈ ಲೆಕ್ಕ ತುಸು ಆಚೀಚೆಯಾಗುತ್ತದೆ, ಅಷ್ಟೆ.) ಎಲೆ ಅದೇ, ಬಲ ಬೇರೆ. ಯಾವ ಕೈಯೂ ತನ್ನಷ್ಟಕ್ಕೆ ತಾನು ದೊಡ್ಡದಲ್ಲ.

ಇನ್ನು ಕೊನೆಯ 20 ಬೀಜದ ಮಾತು. 20 ಹಾಕಿದರೆ ಒಟ್ಟು 100 ಆಗುತ್ತದೆ. ಹಾಗಾಗಿ ಐದರಲ್ಲಿ ಒಂದು ಸಲಕ್ಕಿಂತ ಹೆಚ್ಚು ಗೆಲ್ಲುವಂತಿದ್ದರೆ ಹಾಕುವುದು ಸರಿ, ಕಡಿಮೆಯಾದರೆ ಎಲೆ ಬಿಡುವುದು ಸರಿ. ಅತ್ತೆ ಹೀಗೆ ಏರಿಸಿದ ಹತ್ತು ಸಲದಲ್ಲಿ ಒಂಬತ್ತು ಸಲ ಕಲರ್ ಅಥವಾ ಅದಕ್ಕಿಂತ ಮೇಲಿನದೇ ಇರುತ್ತದೆ ಎಂದಾದರೆ ಹುಡುಗಿಯ ಪಾಲಿಗೆ ಉಳಿಯುವುದು ಹತ್ತರಲ್ಲಿ ಒಂದು, ಬಿಡಲೇಬೇಕಿತ್ತು. ಅತ್ತೆ ಆಗಾಗ ಹುಸಿ ಧೈರ್ಯ ತೋರುವವರಾಗಿದ್ದು ಗೆಲುವು ಹತ್ತರಲ್ಲಿ ಮೂರು ಎಂದಾದರೆ ಕೇಳಬೇಕಿತ್ತು. ಅಲ್ಲಿಯವರೆಗೆ ಹಾಕಿದ್ದ 30 ಬೀಜ ಈ ಲೆಕ್ಕದಲ್ಲಿ ಬರುವುದೇ ಇಲ್ಲ. ಮಧ್ಯಕ್ಕೆ ಬಿದ್ದ ಮೇಲೆ ಅದು ಅವಳದ್ದಲ್ಲ. “ಇಷ್ಟು ಹಾಕಿಬಿಟ್ಟಿದ್ದೇನಲ್ಲ” ಎಂಬ ಒಂದು ಮಾತು ಚಾಪೆಯ ಮೇಲೂ ಚಾಪೆಯಾಚೆಗೂ ಅನೇಕರನ್ನು ಮುಳುಗಿಸಿದೆ.

ಮೂರೆಲೆಯ ದೊಡ್ಡ ಬಂಧುವಾದ ಪೋಕರ್‌ನಲ್ಲಿ ಮೂರನೆಯ ದಾರಿಯೂ ಉಂಟು. ಆ ಸುತ್ತಿನಲ್ಲಿ ಯಾರೂ ಪಣ ಕಟ್ಟಿಲ್ಲವಾದರೆ ಏನೂ ಹಾಕದೆ, ಎಲೆಯನ್ನೂ ಬಿಡದೆ ‘ಚೆಕ್’ ಎನ್ನಬಹುದು. ಯಾವಾಗ ಯಾವುದು? ಪಣ ಕಟ್ಟುವ ಮೊದಲು ಒಂದೇ ಪ್ರಶ್ನೆ ಕೇಳಿಕೊಂಡರೆ ಸಾಕು: ನಾನು ಹಾಕಿದರೆ ನನ್ನ ಜೊತೆ ಉಳಿಯುವವರು ಯಾರು? ನನಗಿಂತ ಸಣ್ಣ ಕೈಯವರೂ ಕುತೂಹಲಕ್ಕೆ ಉಳಿಯುತ್ತಾರಾದರೆ ಧಾರಾಳವಾಗಿ ಹಾಕಬೇಕು. ಸಣ್ಣವರೆಲ್ಲ ಓಡಿ, ದೊಡ್ಡವರು ಮಾತ್ರ ಉಳಿಯುತ್ತಾರಾದರೆ ಚೆಕ್ ಮೇಲು. ಎದುರಿನವರೇ ಏರಿಸಿ, ಅವರ ನಡತೆ ದೊಡ್ಡ ಕೈಯನ್ನೇ ಹೇಳುತ್ತಿದ್ದರೆ ಬಿಡುವುದು ಜಾಣತನ. ಸಣ್ಣ ಪಣದ ಆಟದಲ್ಲಿ ಜನ ಸುಲಭವಾಗಿ ಎಲೆ ಬಿಡುವುದಿಲ್ಲ, “ನೋಡೇಬಿಡೋಣ” ಎನ್ನುತ್ತಾರೆ. ಅಲ್ಲಿ ದೊಡ್ಡ ಕೈಯನ್ನು ಬಚ್ಚಿಟ್ಟು ನಟಿಸುವ ಅಗತ್ಯ ಕಡಿಮೆ. ಆದರೆ ಅಂಥ ಆಟದಲ್ಲಿ ಸುಮ್ಮನಿದ್ದವರು ದಿಢೀರನೆ ಏರಿಸಿದರೆ ನಂಬುವುದು ಒಳ್ಳೆಯದು.

ಹಂಗೇರಿಯಲ್ಲಿ ಹುಟ್ಟಿದ ಗಣಿತಜ್ಞ ಜಾನ್ ವಾನ್ ನಾಯ್ಮನ್ 1928ರಲ್ಲಿ ಆಟಗಳ ಸಿದ್ಧಾಂತಕ್ಕೆ ಬುನಾದಿ ಹಾಕಿದರು. 1944ರಲ್ಲಿ ಆಸ್ಕರ್ ಮಾರ್ಗನ್‌ಸ್ಟರ್ನ್ ಜೊತೆ ಬರೆದ ಗ್ರಂಥದಲ್ಲಿ ಪೋಕರಿಗೇ ಒಂದು ಭಾಗವಿದೆ. ಕೆಟ್ಟ ಕೈಯಲ್ಲೂ ಒಮ್ಮೊಮ್ಮೆ ಪಣ ಕಟ್ಟದವನ ಗುಟ್ಟನ್ನು ಎಲ್ಲರೂ ಓದಿಬಿಡುತ್ತಾರೆಂಬುದು ಅವರ ಲೆಕ್ಕದಿಂದ ಹೊರಟ ಮಾತು. ಅತ್ತೆಯ ಆಟದ ಲೋಪ ಅದೇ. ಅದನ್ನು ಓದದಿದ್ದದ್ದು ಮೊಮ್ಮಗಳ ಲೋಪ.

ಹಾಗಾದರೆ ಲೆಕ್ಕ ಬಲ್ಲವರು ದುಡ್ಡಿಟ್ಟು ಆಡಬಹುದೆ? ತಾತನ ಉತ್ತರ ಬೇರೆ. ಅವರು ದುಡಿದದ್ದು ಈ ಪೇಟೆಗೆ ಹೆಸರು ತಂದ ಬಿನ್ನಿ ಮಿಲ್ಲಿನಲ್ಲಿ. 1884ರಲ್ಲಿ ಆರಂಭವಾದ ಆ ಗಿರಣಿ ಇಂದಿಲ್ಲ, ಅಲ್ಲಿ ಎತ್ತರದ ಕಟ್ಟಡಗಳೆದ್ದಿವೆ. ಒಮ್ಮೆ ಬೋನಸ್ ಬಂದ ಸಂಜೆ ಗೆಳೆಯರೊಡನೆ ಕೂತು, ಎಕ್ಕದ ಜೋಡಿಯನ್ನು ಬಿಡಲಾರದೆ, ಮಕ್ಕಳ ಶಾಲೆ ಫೀಸಿನ ದುಡ್ಡನ್ನು ಕಳೆದು ಅವರು ಬರಿಗೈಯಲ್ಲಿ ಮನೆಗೆ ಬಂದಿದ್ದರು. ಹುಣಸೆ ಬೀಜ ಬಂದದ್ದು ಆಮೇಲೆ. “ಕೆಟ್ಟ ಎಲೆ ಯಾರನ್ನೂ ಹಾಳು ಮಾಡಲ್ಲಮ್ಮ, ಅದನ್ನ ಎಲ್ಲರೂ ಬಿಸಾಡ್ತಾರೆ. ಹಾಳು ಮಾಡೋದು ಒಳ್ಳೆ ಎಲೆ.”

ಕಾನೂನಿನ ಮಾತೂ ಗೊತ್ತಿರಲಿ. 1967ರಲ್ಲಿ ಸುಪ್ರೀಂ ಕೋರ್ಟ್ ರಮ್ಮಿಯನ್ನು ಮುಖ್ಯವಾಗಿ ಕೌಶಲದ ಆಟವೆಂದಿತು. ಫ್ಲಶ್, ಬ್ರ್ಯಾಗ್ ಎಂದೆಲ್ಲ ಕರೆಸಿಕೊಳ್ಳುವ ಮೂರೆಲೆಯನ್ನು ಬರಿಯ ಅದೃಷ್ಟದಾಟವೆಂದಿತು. ಫೋನಿನಲ್ಲಿ ಹಣ ಕಟ್ಟಿ ಆಡುವ ಆಟಗಳನ್ನು ತಡೆಯಲು ಕರ್ನಾಟಕ 2021ರಲ್ಲಿ ತಂದ ತಿದ್ದುಪಡಿಯ ಮುಖ್ಯ ಭಾಗಗಳನ್ನು ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ರದ್ದುಮಾಡಿತು. 2025ರ ಆಗಸ್ಟಿನಲ್ಲಿ ಸಂಸತ್ತು ಒಪ್ಪಿದ ಕಾಯಿದೆ ಮಾತ್ರ ಕೌಶಲವೋ ಅದೃಷ್ಟವೋ ಎಂದು ನೋಡದೆ ಅಂಥ ಆಟಗಳನ್ನು ನಿಷೇಧಿಸಿತು. ಗಣಿತವೂ ಆಟಗಾರನ ಪರವಾಗಿಲ್ಲ. ಪ್ರತಿ ಪಣದಿಂದ ಆಟ ನಡೆಸುವವನು ತನ್ನ ಪಾಲು ಕಡಿದುಕೊಂಡರೆ, ಸಮಬಲದ ಆರು ಮಂದಿ ಕೂತಲ್ಲಿ ಸರಾಸರಿಯಾಗಿ ಆರೂ ಮಂದಿಗೆ ನಷ್ಟ.

ಮಕ್ಕಳಿಗೊಂದು ಮನೆಗೆಲಸ. ಇಸ್ಪೀಟನ್ನು ಚೆನ್ನಾಗಿ ಕಲಸಿ, ಮೂರೆಲೆ ತೆಗೆದು, ಜೋಡಿ ಬಂತೇ ಎಂದು ಬರೆದಿಡಿ. ಎಲೆಗಳನ್ನು ಮತ್ತೆ ಸೇರಿಸಿ ಕಲಸಿ. ಹೀಗೆ ನೂರು ಸಲ. ಲೆಕ್ಕದ ಪ್ರಕಾರ ಸುಮಾರು 17 ಜೋಡಿ ಬರಬೇಕು. 12 ಬರಬಹುದು, 22 ಬರಬಹುದು. ಆ ವ್ಯತ್ಯಾಸಕ್ಕೇ ಅದೃಷ್ಟವೆಂದು ಹೆಸರು. ತಂದೆ-ತಾಯಿ ಪಕ್ಕದಲ್ಲಿ ಕೂತು ಎಣಿಸಲಿ. ಹುಣಸೆ ಬೀಜ ಹೇಗೂ ಅಡಿಗೆಮನೆಯಲ್ಲಿ ಸಿಗುತ್ತದೆ.