ಬೂದು ಬಣ್ಣ ಬಟನ್ ಒತ್ತಿದರೆ ಬರುವುದಿಲ್ಲ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಂಥ ಊರುಗಳ ಸ್ಟುಡಿಯೋಗಳಿಗೆ ಕಸ್ಟಮ್ ಕಲರ್ ಪ್ರೊಫೈಲ್ ದಂಡದ ಖರ್ಚು, ಪ್ರಿಂಟರಿನಲ್ಲಿ ‘ಗ್ರೇಸ್ಕೇಲ್’ ಆರಿಸಿದರೆ ಕಪ್ಪು-ಬಿಳುಪು ಚಿತ್ರ ತಾನೇ ಸರಿಬರುತ್ತದೆ ಎಂಬುದು ಕಳೆದ ಸಂಚಿಕೆಯ ಲೇಖನದ ವಾದ. ಖರ್ಚಿನ ಕಾಳಜಿ ನ್ಯಾಯವೇ. ತಾಂತ್ರಿಕ ಮಾತು ತಪ್ಪು. ಎಪ್ಸನ್ ಎಲ್805ರಂಥ ಪ್ರಿಂಟರಿನ 6 ಶಾಯಿಗಳಲ್ಲಿ ಕಪ್ಪು ಒಂದೇ, ಬೂದು ಶಾಯಿ ಇಲ್ಲವೇ ಇಲ್ಲ. ಫೋಟೊ ಪೇಪರಿನ ಮೇಲೆ ಸಾಮಾನ್ಯವಾಗಿ ಬಣ್ಣದ ಶಾಯಿಗಳೂ ಬೆರೆತೇ ಬೂದು ಆಗುತ್ತದೆ. ಆ ಬೆರಕೆಯ ಲೆಕ್ಕವನ್ನು ಕಂಪನಿ ಹಾಕಿದ್ದು ತನ್ನ ಶಾಯಿಗೆ, ತನ್ನ ಪೇಪರಿಗೆ. ಅಗ್ಗದ ಶಾಯಿ ಸುರಿದು, ಸಿಕ್ಕ ಗ್ಲಾಸಿ ಹಾಳೆ ಹಾಕಿದ ಮೇಲೆ ಆ ಲೆಕ್ಕ ಎಲ್ಲಿ ಉಳಿಯಿತು? ತೀರಿಹೋದ ಅಜ್ಜನ ಹಳೆಯ ಫೋಟೊ ದೊಡ್ಡದು ಮಾಡಿಸಿದರೆ ರುಮಾಲಿನ ಮಡಿಕೆಯಲ್ಲಿ ಹಸಿರು, ಕೋಟಿನ ನೆರಳಲ್ಲಿ ನಸುಗೆಂಪು. ಬಣ್ಣದ ಮದುವೆ ಫೋಟೊದಲ್ಲಿ ಇಷ್ಟು ವ್ಯತ್ಯಾಸ ಮುಚ್ಚಿಹೋಗುತ್ತದೆ. ಬೂದಿನಲ್ಲಿ ಎದ್ದು ಕಾಣುತ್ತದೆ.

ಬರೀ ಕಪ್ಪು ಶಾಯಿಯಲ್ಲೇ ಮುದ್ರಿಸಬಹುದಲ್ಲ ಎಂದರೆ, ಕೆನ್ನೆ, ಹಣೆಯಂಥ ತಿಳಿ ಭಾಗಗಳು ಚುಕ್ಕೆಚುಕ್ಕೆಯಾಗುತ್ತವೆ. ಪ್ರೊಫೈಲ್ ಎಂದರೆ ಅಳತೆ: ಪ್ರಿಂಟರಿನ ಬಣ್ಣ ತಿದ್ದುವಿಕೆ ಆಫ್ ಮಾಡಿ, ನೂರಾರು ಚೌಕಗಳ ಚಾರ್ಟ್ ಮುದ್ರಿಸಿ, ಒಣಗಿದ ಮೇಲೆ ಸ್ಪೆಕ್ಟ್ರೋಫೋಟೋಮೀಟರಿನಿಂದ ಓದಿ, 1976ರ ಸಿಐಇ ಲ್ಯಾಬ್ ಮಾನದಲ್ಲಿ ಬಣ್ಣದ ಛಾಯೆ ತೋರಿಸುವ ಎ, ಬಿ ಅಂಕಿಗಳೆರಡೂ ಸೊನ್ನೆಯ ಹತ್ತಿರ ಬರುವಂತೆ ಶಾಯಿಯ ಪಾಲು ತಿದ್ದುವುದು. ಉಪಕರಣ ದುಬಾರಿ, ಒಪ್ಪೋಣ. ಆದರೆ ನಾಲ್ಕೂ ಊರಿನವರು ಸೇರಿ ಒಂದು ಕೊಂಡರೆ ಸಾಕು. ಶಾಯಿ, ಪೇಪರ್ ಬದಲಾಗುವವರೆಗೆ ಅದೇ ಪ್ರೊಫೈಲ್ ಬಹುಮಟ್ಟಿಗೆ ನಡೆಯುತ್ತದೆ. ಟ್ಯೂಬ್‌ಲೈಟಿನಲ್ಲಿ ಬೂದಾಗಿದ್ದದ್ದು ಬಿಸಿಲಿನಲ್ಲಿ ಬಣ್ಣ ತಿರುಗುವುದನ್ನು ಅದು ಪೂರ್ತಿ ತಡೆಯದು, ಕಟ್ಟಿಕೊಂಡ ನಾಜಲ್ ಬಿಡಿಸದು, ನಿಜ. ಅಂದಮಾತ್ರಕ್ಕೆ ಅಳತೆಯೇ ಬೇಡವೆನ್ನುವ ಲೇಖಕರು, ಅಂದಾಜಿನಲ್ಲಿ ಮತ್ತೆ ಮತ್ತೆ ಮುದ್ರಿಸಿ ರದ್ದಿಗೆ ಹಾಕುವ ಹಾಳೆಗಳ ಖರ್ಚನ್ನು ಲೆಕ್ಕಕ್ಕೇ ಹಿಡಿದಿಲ್ಲ.