ಕಾನೂನಿನ ಭಯ ಕಂಪೆನಿಗೆ, ಅಪಾಯ ಕಾರ್ಮಿಕಳಿಗೆ

ಬೃಹತ್ ಕಂಪೆನಿಗಳ ವಾರ್ಷಿಕ ವರದಿಗಳಲ್ಲಿ ಇಂದು ಎರಡು ಪದಗಳು ಧಾರಾಳವಾಗಿ ಕಾಣಸಿಗುತ್ತವೆ. ಒಂದು ಮಾನವ ಹಕ್ಕು, ಇನ್ನೊಂದು ಸುಸ್ಥಿರತೆ. ಇವನ್ನು ಸಾಧಿಸಲು ತಾವು ಪರಸ್ಪರ ಕೈಜೋಡಿಸಿದ್ದೇವೆಂದು ಅವು ಹೇಳಿಕೊಳ್ಳುತ್ತವೆ. ಆದರೆ ಈ ಮಾತಿನ ಬೆನ್ನಿಗೇ ಮೂರನೆಯ ಪದವೊಂದು ಬರುತ್ತದೆ: ಕಾನೂನಾತ್ಮಕ ಅಪಾಯ. ಹೆಚ್ಚು ಭರವಸೆ ಕೊಟ್ಟರೆ ಮೊಕದ್ದಮೆಯಾದೀತು, ಎದುರಾಳಿ ಕಂಪೆನಿಗಳೊಂದಿಗೆ ಒಪ್ಪಂದ ಮಾಡಿಕೊಂಡರೆ ಸ್ಪರ್ಧಾ ಕಾನೂನಿನ ಉಲ್ಲಂಘನೆಯಾದೀತು ಎಂಬುದು ಅವುಗಳ ಆತಂಕ. ಈ ಆತಂಕ ಎಷ್ಟರ ಮಟ್ಟಿಗೆ ನ್ಯಾಯಸಮ್ಮತ? ಉತ್ತರ ಹುಡುಕಲು ನಾವು ಯೂರೋಪಿಗೆ ಹೋಗಬೇಕಾಗಿಲ್ಲ. ಮೈಸೂರಿನ ಕೂಗಳತೆಯಲ್ಲೇ ಅದು ಸಿಗುತ್ತದೆ.

2020ರ ಜೂನ್ ತಿಂಗಳಲ್ಲಿ ಶ್ರೀರಂಗಪಟ್ಟಣದಲ್ಲಿದ್ದ ಗೋಕುಲದಾಸ್ ಎಕ್ಸ್‌ಪೋರ್ಟ್ಸ್‌ನ ಸಿದ್ಧ ಉಡುಪು ಘಟಕ ಏಕಾಏಕಿ ಲೇ ಆಫ್ ಘೋಷಿಸಿತು. ಅಲ್ಲಿ ದುಡಿಯುತ್ತಿದ್ದ ಸುಮಾರು 1,300 ಮಂದಿಯಲ್ಲಿ ಹೆಚ್ಚಿನವರು ಮಹಿಳೆಯರು. ಕೊರೋನಾದಿಂದ ಬೇಡಿಕೆ ಕುಸಿದಿದೆಯೆಂಬುದು ಆಡಳಿತದ ಸಮರ್ಥನೆ. ಯೂನಿಯನ್ ಇರುವ ಘಟಕವನ್ನೇ ಆರಿಸಿ ಮುಚ್ಚಲಾಗುತ್ತಿದೆ, ಸರಕಾರದ ಪೂರ್ವಾನುಮತಿಯನ್ನೂ ಪಡೆದಿಲ್ಲ ಎಂಬುದು ಗಾರ್ಮೆಂಟ್ ಮತ್ತು ಟೆಕ್ಸ್‌ಟೈಲ್ ವರ್ಕರ್ಸ್ ಯೂನಿಯನ್ನಿನ ಆರೋಪ. ಆ ಘಟಕದ ಉಡುಪುಗಳನ್ನು ಖರೀದಿಸುತ್ತಿದ್ದುದು ಸ್ವೀಡನ್‌ನ ಎಚ್ ಅಂಡ್ ಎಂ. ಅದು ಜಾಗತಿಕ ಕಾರ್ಮಿಕ ಒಕ್ಕೂಟವಾದ ಇಂಡಸ್ಟ್ರಿಆಲ್‌ನೊಂದಿಗೆ 2015ರಲ್ಲೇ ಒಪ್ಪಂದ ಮಾಡಿಕೊಂಡಿತ್ತು. ಸಂಘಟಿತರಾಗುವ ಹಕ್ಕನ್ನು ಗೌರವಿಸುವುದಾಗಿ ಅದರಲ್ಲಿ ವಾಗ್ದಾನ ಮಾಡಿತ್ತು. ಆದರೆ ಕಾರ್ಮಿಕರು ಕಾರ್ಖಾನೆಯ ಮುಂದೆ ವಾರಗಟ್ಟಲೆ ಧರಣಿ ಕುಳಿತಾಗ, ಇದು ಇಲ್ಲಿನ ಕಾನೂನಿನ ವ್ಯಾಖ್ಯಾನಕ್ಕೆ ಸಂಬಂಧಿಸಿದ ಭಿನ್ನಾಭಿಪ್ರಾಯವೆಂಬ ನಿಲುವು ಅದರಿಂದ ಬಂತು.

ಕೊನೆಗೆ 2021ರ ಫೆಬ್ರವರಿಯಲ್ಲಿ ಒಪ್ಪಂದವಾಯಿತು. ಕೆಲಸ ಕಳಕೊಂಡವರಲ್ಲಿ ಮೊದಲ 300 ಮಂದಿಗೆ ಮೈಸೂರಿನ ಘಟಕದಲ್ಲಿ ಉದ್ಯೋಗ, ಉಳಿದವರಿಗೆ ಮುಂದಿನ ನೇಮಕಾತಿಗಳಲ್ಲಿ ಆದ್ಯತೆ, ಯೂನಿಯನ್ನಿಗೆ ಮಾನ್ಯತೆ. ಇದು ಸಣ್ಣ ಗೆಲುವಲ್ಲ. ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ಆ ಎಂಟು ತಿಂಗಳು ಮನೆ ಬಾಡಿಗೆ, ಸಂಘದ ಸಾಲದ ಕಂತು, ಮಕ್ಕಳ ಶಾಲಾ ಶುಲ್ಕಗಳ ಅಪಾಯವನ್ನು ಹೊತ್ತವರು ಯಾರು? ಯಾವ ಕಂಪೆನಿಯ ಅಪಾಯ ನಿರ್ವಹಣಾ ಪಟ್ಟಿಯಲ್ಲಿ ಅದಕ್ಕೆ ಜಾಗವಿತ್ತು?

ಇದು ಒಂದೇ ಕಾರ್ಖಾನೆಯ ಕತೆಯೂ ಅಲ್ಲ. 2020ರ ಎಪ್ರಿಲ್‌ನಿಂದ ಕೊಡಬೇಕಾಗಿದ್ದ ತಿಂಗಳಿಗೆ 417 ರೂಪಾಯಿ 60 ಪೈಸೆಯ ತುಟ್ಟಿಭತ್ಯೆಯನ್ನು ರಾಜ್ಯ ಸರಕಾರ ಮುಂದೂಡಿತು. ಮುಂದೂಡಿಕೆ ಸಲ್ಲದು, ಬಾಕಿ ಸಹಿತ ಪಾವತಿಸಬೇಕು ಎಂದು ಹೈಕೋರ್ಟ್ ಸೆಪ್ಟೆಂಬರ್‌ನಲ್ಲಿ ಹೇಳಿತು. ಆದರೂ ಅಸಂಖ್ಯ ಗಾರ್ಮೆಂಟ್ಸ್‌ಗಳು ಕೊಡಲಿಲ್ಲ. ವಂಚಿತರಾದವರು ನಾಲ್ಕು ಲಕ್ಷಕ್ಕೂ ಹೆಚ್ಚು ಮಂದಿಯೆಂದು ಕಾರ್ಮಿಕ ಹಕ್ಕುಗಳ ಸಂಸ್ಥೆಯಾದ ವರ್ಕರ್ ರೈಟ್ಸ್ ಕನ್ಸೋರ್ಶಿಯಂ ಲೆಕ್ಕ ಹಾಕಿತು. ವರ್ಷಕ್ಕೆ ಐದು ಸಾವಿರ ರೂಪಾಯಿ ಕಂಪೆನಿಗೆ ಏನೂ ಅಲ್ಲದಿರಬಹುದು, ಕಾರ್ಮಿಕಳಿಗೆ ಅದು ಅರ್ಧ ತಿಂಗಳ ಅನ್ನ. ಬಾಕಿ ಪಾವತಿ ದೊಡ್ಡ ಪ್ರಮಾಣದಲ್ಲಿ ಆರಂಭವಾದದ್ದು 2022ರ ಹೊತ್ತಿಗೆ, ಅದೂ ವಿದೇಶೀ ಪತ್ರಿಕೆಗಳಲ್ಲಿ ಬ್ರ್ಯಾಂಡ್‌ಗಳ ಹೆಸರು ಬಂದ ಬಳಿಕ. ಹೈಕೋರ್ಟಿನ ಆದೇಶಕ್ಕಿಂತ ಹೆಸರು ಕೆಡುವ ಭಯವೇ ಹೆಚ್ಚು ಕೆಲಸ ಮಾಡಿತೆಂದರೆ ಅದು ನಮ್ಮ ವ್ಯವಸ್ಥೆಗೆ ಶೋಭೆಯೇ?

ಇನ್ನು ಸ್ಪರ್ಧಾ ಕಾನೂನಿನ ಮಾತು. ನಮ್ಮ ದೇಶದ 2002ರ ಸ್ಪರ್ಧಾ ಕಾಯಿದೆ, ಎದುರಾಳಿಗಳು ಕೂಡಿಕೊಂಡು ಬೆಲೆ ನಿಗದಿಪಡಿಸುವುದನ್ನು, ಮಾರುಕಟ್ಟೆ ಹಂಚಿಕೊಳ್ಳುವುದನ್ನು ನಿಷೇಧಿಸುತ್ತದೆ. ಅದು ಇರಲೇಬೇಕಾದ ಕಾನೂನು. ಗ್ರಾಹಕನ ಜೇಬಿಗೆ ಅದು ಕಾವಲು. ಆದರೆ ಕನಿಷ್ಠ ವೇತನವನ್ನು ನಿಗದಿಪಡಿಸುವುದು ಸರಕಾರ. ಸರಕಾರ ನಿಗದಿಪಡಿಸಿದ ವೇತನ ಕೊಡದ ಕಾರ್ಖಾನೆಯಿಂದ ಖರೀದಿಸುವುದಿಲ್ಲವೆಂದು ಹತ್ತು ಬ್ರ್ಯಾಂಡ್‌ಗಳು ಸೇರಿ ತೀರ್ಮಾನಿಸಿದರೆ, ಅದು ಕಾನೂನನ್ನು ಪಾಲಿಸುವ ತೀರ್ಮಾನವಾಗುತ್ತದೆ. ಅದರಲ್ಲಿ ಬೆಲೆ ನಿಗದಿಯ ಸಂಚು ಎಲ್ಲಿದೆ? ಸ್ವತಃ ಯೂರೋಪಿಯನ್ ಕಮಿಷನ್ 2023ರ ತನ್ನ ಮಾರ್ಗಸೂಚಿಗಳಲ್ಲಿ ಸುಸ್ಥಿರತೆಯ ಒಪ್ಪಂದಗಳಿಗಾಗಿ ಪ್ರತ್ಯೇಕ ಅಧ್ಯಾಯವನ್ನೇ ಸೇರಿಸಿ, ಸಹಕಾರಕ್ಕೆ ಎಲ್ಲಿ ಅವಕಾಶವಿದೆಯೆಂದು ವಿವರಿಸಿದೆ. ಬಾಗಿಲು ತೆರೆದಿರುವಾಗಲೂ ಬೀಗ ಹಾಕಿದೆಯೆನ್ನುವವರಿಗೆ ಒಳಗೆ ಬರುವ ಮನಸ್ಸಿಲ್ಲವೆಂದೇ ತಿಳಿಯಬೇಕು.

ಮನಸ್ಸಿದ್ದರೆ ಏನಾಗುತ್ತದೆಂಬುದಕ್ಕೆ ನಿದರ್ಶನಗಳಿವೆ. 2013ರ ಎಪ್ರಿಲ್ 24ರಂದು ಬಾಂಗ್ಲಾದೇಶದ ರಾಣಾ ಪ್ಲಾಝಾ ಕುಸಿದು 1,100ಕ್ಕೂ ಹೆಚ್ಚು ಮಂದಿ ಸತ್ತ ಬಳಿಕ, ಪರಸ್ಪರ ಪೈಪೋಟಿಯಲ್ಲಿದ್ದ ಬ್ರ್ಯಾಂಡ್‌ಗಳೇ ಕಾರ್ಮಿಕ ಒಕ್ಕೂಟಗಳೊಂದಿಗೆ ಕಾನೂನುಬದ್ಧ ಒಪ್ಪಂದಕ್ಕೆ ಸಹಿ ಹಾಕಿದವು. ಮಾತು ತಪ್ಪಿದ ಆರೋಪ ಹೊತ್ತ ಒಂದು ಕಂಪೆನಿ 2018ರಲ್ಲಿ 23 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಳ್ಳಬೇಕಾಯಿತು. ಪಕ್ಕದ ತಮಿಳುನಾಡಿನ ದಿಂಡಿಗಲ್‌ನಲ್ಲಿ ದಲಿತ ಯುವತಿಯೊಬ್ಬಳ ಕೊಲೆಯ ನಂತರ, 2022ರಲ್ಲಿ ಮಹಿಳೆಯರ ನೇತೃತ್ವದ ಯೂನಿಯನ್ ಎಚ್ ಅಂಡ್ ಎಂ ಮತ್ತಿತರ ಕಂಪೆನಿಗಳಿಂದ ಇಂತಹದ್ದೇ ಒಪ್ಪಂದ ಪಡೆಯಿತು. ಕೆಲಸದ ಸ್ಥಳದ ಲೈಂಗಿಕ ಕಿರುಕುಳದ ವಿರುದ್ಧ ಕ್ರಮ ಕೈಗೊಳ್ಳದಿದ್ದರೆ ವ್ಯಾಪಾರಕ್ಕೇ ಪೆಟ್ಟು ಬೀಳುವ ವ್ಯವಸ್ಥೆ ಅದರಲ್ಲಿದೆ. ದಿಂಡಿಗಲ್‌ನಲ್ಲಿ ಸಾಧ್ಯವಾದುದು ಮೈಸೂರು-ಮಂಡ್ಯದಲ್ಲಿ ಏಕೆ ಅಸಾಧ್ಯ? ಅದಕ್ಕೂ ಇಲ್ಲೊಂದು ಹೆಣ ಬೀಳಬೇಕೇ?

ಈ ಪ್ರಶ್ನೆ ಈಗ ಹೆಚ್ಚು ತುರ್ತಿನದಾಗಿದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯ ಪ್ರಕಾರ, ಲೇ ಆಫ್ ಅಥವಾ ಮುಚ್ಚುಗಡೆಗೆ ಸರಕಾರದ ಪೂರ್ವಾನುಮತಿ ಬೇಕಾಗುವ ಮಿತಿ 100 ಕಾರ್ಮಿಕರಿಂದ 300ಕ್ಕೆ ಏರಿದೆ. ಯೂರೋಪಿಯನ್ ಒಕ್ಕೂಟ 2024ರಲ್ಲಿ ಅಂಗೀಕರಿಸಿದ ಪೂರೈಕೆ ಸರಪಳಿಯ ಹೊಣೆಗಾರಿಕೆ ನಿರ್ದೇಶನವನ್ನು ಮರುವರ್ಷವೇ ಮುಂದೂಡಲಾಯಿತು. ಅಲ್ಲೂ ಇಲ್ಲೂ ಕಾನೂನಿನ ಹಿಡಿತ ಸಡಿಲಾಗುತ್ತಿರುವಾಗ ಸ್ವಯಂಪ್ರೇರಿತ ಸದಾಚಾರವನ್ನು ನಂಬಿ ಕೂರುವುದು ಮೂರ್ಖತನ.

ಆದ್ದರಿಂದ ಬೇಡಿಕೆ ಸ್ಪಷ್ಟವಾಗಿರಲಿ. ಮೈಸೂರು ಭಾಗದ ಗಾರ್ಮೆಂಟ್ಸ್‌ಗಳಿಂದ ಖರೀದಿಸುವ ಬ್ರ್ಯಾಂಡ್‌ಗಳು ಯೂನಿಯನ್ನನ್ನು ಸಮಾನ ಪಕ್ಷವಾಗಿ ಕೂರಿಸಿಕೊಂಡು, ನ್ಯಾಯಾಲಯದಲ್ಲಿ ನಿಲ್ಲುವ ಒಪ್ಪಂದ ಮಾಡಿಕೊಳ್ಳಲಿ. ಬಾಕಿ ವೇತನದ ಹೊಣೆಯಲ್ಲಿ ತಮ್ಮ ಪಾಲನ್ನೂ ಒಪ್ಪಿಕೊಳ್ಳಲಿ. ರಾಜ್ಯ ಸರಕಾರ ಮಧ್ಯಸ್ಥಿಕೆ ವಹಿಸಲಿ. ಮುರಿದರೆ ಶಿಕ್ಷೆಯಿಲ್ಲದ ವಾಗ್ದಾನ ಬರಿಯ ಜಾಹೀರಾತು. ಮೊಕದ್ದಮೆಯ ಭಯವಿಲ್ಲದ ಭರವಸೆಯನ್ನಷ್ಟೇ ಕೊಡುತ್ತೇವೆನ್ನುವವರು, ಅದನ್ನು ಮುರಿಯುವ ಸ್ವಾತಂತ್ರ್ಯವನ್ನೂ ತಮ್ಮ ಬಳಿಯೇ ಇಟ್ಟುಕೊಂಡಿದ್ದಾರೆ ಎಂಬುದನ್ನು ನಾವು ಮರೆಯಬಾರದು.